ದೊಡ್ಡಪ್ಪನ ಜಾವಾ ಮತ್ತು ಒಂದು ಜೋಡಿಸಿದ ರಾತ್ರಿ

ಬಹಳ ದಿನಗಳಾದವು ಈ ಕಡೆ ತಲೆ ಹಾಕಿ. ಕಳೆದ ಕೆಲವು ತಿಂಗಳಿಂದ ಒಂದೇ ಒಂದು ಫೋಟೋ ಹಿಂದೆ ಬಿದ್ದಿದ್ದೆ. ತೆಗೆಯೋ ಫೋಟೋ ಅಲ್ಲ, ಕಟ್ಟೋ ಫೋಟೋ. ಅದರ ಕಥೆ ಹೇಳೋಣ ಅಂತ ಕೂತರೆ ಅದು ನೂರೈವತ್ತು ವರ್ಷ ಹಿಂದಕ್ಕೆ ಹೋಯಿತು. ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

ನಮ್ಮೂರು ನ್ಯಾಮತಿ. ಈಗ ಅದೇ ಒಂದು ತಾಲ್ಲೂಕು. ನಾನು ಹೇಳ್ತಿರೋ ಕಾಲಕ್ಕೆ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಇವನ್ನೆಲ್ಲ ಕತ್ತರಿಸಿ ಒಂದು ಕಡೆ ಅಂಟಿಸಿದರು. ಅಂದರೆ ನಮ್ಮ ಜಿಲ್ಲೆಯೇ ಒಂದು ಜೋಡಿಸಿದ ಚಿತ್ರ :)

ನಮ್ಮ ದೊಡ್ಡಪ್ಪ ಟೆಂಟ್ ಸಿನಿಮಾಗಳಿಗೆ ರೀಲಿನ ಡಬ್ಬ ಸಾಗಿಸುತ್ತಿದ್ದರು. ಆಗ ಒಂದು ಪ್ರಿಂಟನ್ನು ಎರಡು ಊರಿನವರು ಹಂಚಿಕೊಂಡು ಓಡಿಸುತ್ತಿದ್ದುದುಂಟು. ಹೊನ್ನಾಳಿಯಲ್ಲಿ ಮುಗಿದ ರೀಲು ನ್ಯಾಮತಿಯಲ್ಲಿ ಇಂಟರ್ವಲ್ ಹೊತ್ತಿಗೆ ಮುಟ್ಟಬೇಕು. ತಡವಾದರೆ ಟೆಂಟಿನೊಳಗೆ ಶಿಳ್ಳೆ, ಕೂಗಾಟ. ಅದಕ್ಕೆ ಅವರ ಹತ್ತಿರ ಒಂದು ಜಾವಾ 250 ಇತ್ತು.

1974ರ ಶಿವರಾತ್ರಿಯ ಹಿಂದಿನ ದಿನ. ಮರುದಿನ ಜಾಗರಣೆ, ಟೆಂಟುಗಳಲ್ಲಿ ಇಡೀ ರಾತ್ರಿ ಆಟ. ದೊಡ್ಡಪ್ಪ ಡಬ್ಬ ಕಟ್ಟಿಕೊಂಡು ಚನ್ನಗಿರಿಗೆ ಹೋಗಿದ್ದರು. ಆ ಮಧ್ಯಾಹ್ನ ನ್ಯಾಮತಿಯ ಮನೆಗೆ ಜಗಳೂರಿಂದ ತಂತಿ ಬಂತು. ತವರಿಗೆ ಹೋಗಿದ್ದ ದೊಡ್ಡಮ್ಮನಿಗೆ ಹೆಣ್ಣು ಮಗು. ನಮ್ಮಪ್ಪ ಆಗಿನ್ನೂ ಹೈಸ್ಕೂಲ್ ಹುಡುಗ. ಆ ತಂತಿ ಜೇಬಲ್ಲಿಟ್ಟುಕೊಂಡು ಬಸ್ಸು ಹತ್ತಿ ಹೊನ್ನಾಳಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಚನ್ನಗಿರಿ ಟೆಂಟಿಗೆ ಹೋಗಿ ಅಣ್ಣನ ಕೈಗೆ ಕೊಟ್ಟರಂತೆ. ದೊಡ್ಡಪ್ಪ ಓದಿದರು, ಡಬ್ಬ ಇಳಿಸಿದರು, ಗಾಡಿ ತಿರುಗಿಸಿದರು. ಸಂತೇಬೆನ್ನೂರು, ದಾವಣಗೆರೆ, ಜಗಳೂರು. ಸುಮಾರು ನೂರು ಕಿಲೋಮೀಟರು. ರಾತ್ರಿ ಒಂದು ಗಂಟೆಗೆ ಮಾವನ ಮನೆ ಬಾಗಿಲು ತಟ್ಟಿದರು. ಮಗುವನ್ನು ನೋಡಿದರು. ಬೆಳಗಿನ ಜಾವ ಮೂರಕ್ಕೆ ವಾಪಸ್ಸು ಹೊರಟರು, ಯಾಕಂದ್ರೆ ಚನ್ನಗಿರಿ ಡಬ್ಬ ಮತ್ತೆಲ್ಲಿಗೋ ಹೋಗಬೇಕಿತ್ತು.

ಆ ಮಗು ನಮ್ಮ ಅಕ್ಕ. ಅವಳಿಗೆ ಐದು ವರ್ಷ ಆಗಿದ್ದಾಗ ದೊಡ್ಡಪ್ಪ ತೀರಿಕೊಂಡರು. ಐವತ್ತು ತುಂಬಿದಾಗ ಅವಳು ನನ್ನನ್ನು ಕೇಳಿದ್ದು ಒಂದೇ. "ಅಪ್ಪ ಆ ರಾತ್ರಿ ಗಾಡೀಲಿ ಬಂದ್ರಲ್ಲ, ಅದನ್ನ ಒಂದು ಫೋಟೋ ಮಾಡಿಕೊಡೋ. ಅಮ್ಮ ಇರೋವಾಗಲೇ."

ದೊಡ್ಡಪ್ಪನ ಫೋಟೋ ಅಂತ ಮನೆಯಲ್ಲಿ ಇರೋದು ಎರಡೇ. ಒಂದು ಸ್ಟುಡಿಯೋದಲ್ಲಿ ತೆಗೆಸಿದ ಮದುವೆ ಫೋಟೋ. ಇನ್ನೊಂದು ಗೋಡೆ ಮೇಲೆ ಹಾರ ಹಾಕಿರೋದು. ಆ ಎರಡನೆಯದು ಮೊದಲನೆಯದರಿಂದಲೇ ಹುಟ್ಟಿದ್ದು. ಅವರು ಹೋದಮೇಲೆ ಸ್ಟುಡಿಯೋದವರು ಮದುವೆ ಫೋಟೋದಿಂದ ಮುಖ ಮಾತ್ರ ಕತ್ತರಿಸಿ, ದೊಡ್ಡದು ಮಾಡಿ, ಕುತ್ತಿಗೆ ಕೆಳಗೆ ಒಂದು ಕೋಟು ಟೈ ಕೂರಿಸಿ ಕೊಟ್ಟಿದ್ದರು. ದೊಡ್ಡಪ್ಪ ಜೀವಮಾನದಲ್ಲಿ ಟೈ ಕಟ್ಟಿದವರಲ್ಲ. ನಿಮ್ಮ ಮನೆ ಗೋಡೆ ಮೇಲೂ ಇಂಥದ್ದೊಂದು ಇದ್ದರೆ ಆಶ್ಚರ್ಯವಿಲ್ಲ. ಅದನ್ನು ಯಾರೂ ಸುಳ್ಳು ಅನ್ನಲ್ಲ, ಪೂಜೆ ಮಾಡ್ತಾರೆ. ಆದರೆ ಅಕ್ಕನಿಗೆ ಅಪ್ಪ ಅಂದರೆ ಆ ಕೋಟಿನ ಮನುಷ್ಯನೇ. ಹಾಗಾಗಿ ಇನ್ನೊಂದು ಸುಳ್ಳು ಕೋಟು ತೊಡಿಸಬಾರದು ಅಂತ ನನಗೆ ಅನಿಸಿತ್ತು.

ಅನಿಸಿದ್ದೇನೋ ನಿಜ, ಮಾಡಿದ್ದು ಮಾತ್ರ ಅದನ್ನೇ!

ಮೊದಲ ಪ್ರಯತ್ನ ಹೀಗಿತ್ತು. ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಜಾವಾವನ್ನು ಒರೆಸಿ ಹಗಲಲ್ಲೇ ಫೋಟೋ ತೆಗೆದೆ. ಹಿಂದೆ ಮಂಜು ಮುಸುಕಿದ ಅಡಿಕೆ ತೋಟ, ಮೇಲೆ ತಟ್ಟೆಯಷ್ಟು ಚಂದ್ರ, ಮಳೆ ಬಂದು ಹೊಳೆಯೋ ರಸ್ತೆ, ಹೆಡ್‌ಲೈಟಿನಿಂದ ಕತ್ತಿಯ ಹಾಗೆ ಬಿಳಿ ಬೆಳಕು. ಮದುವೆ ಫೋಟೋದ ಮುಖ ತಂದು ಕೂರಿಸಿದೆ. ಸಿನಿಮಾ ಪೋಸ್ಟರ್ ಥರ ಇತ್ತು. ಹೆಮ್ಮೆಯಿಂದ ದೊಡ್ಡಮ್ಮನಿಗೆ ತೋರಿಸಿದೆ.

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. "ನಮ್ ಜಗಳೂರಾಗೆ ಅಡಿಕೆ ತೋಟ ಎಲ್ಲಿ ಐತಪ್ಪ?" ಅಂದರು. ಆಮೇಲೆ "ಶಿವರಾತ್ರಿ ಟೈಮ್ನಾಗೆ ಮಳೆ ಎಲ್ಲಿತ್ತು?" ಆಮೇಲೆ ಹೆಡ್‌ಲೈಟಿನ ಮೇಲೆ ಬೆರಳಿಟ್ಟು, "ನಿಮ್ ದೊಡ್ಡಪ್ಪನ ಗಾಡಿ ಇಷ್ಟು ಬೆಳಕು ಕೊಟ್ಟಿದ್ರೆ ಅವ್ರು ಆ ಎಮ್ಮೆಗೆ ಯಾಕ್ ಗುದ್ತಿದ್ರು?"

ಎಲ್ಲಾ ಸರಿಯೇ. ಚನ್ನಗಿರಿ ಕಡೆ ಅಡಿಕೆ, ಜಗಳೂರು ಒಣಭೂಮಿ. ಹಳೇ ಜಾವಾದ್ದು ಆರು ವೋಲ್ಟಿನ ವ್ಯವಸ್ಥೆ, ಎಂಜಿನ್ ನಿಧಾನವಾದರೆ ದೀಪ ಅರಿಶಿನದ ಬಣ್ಣಕ್ಕೆ ತಿರುಗುತ್ತಿತ್ತು. ಚಂದ್ರನ ವಿಷಯ ಅಕ್ಕನ ಜಾತಕವೇ ಹೇಳಿತು, ಮಾಘ ಬಹುಳ ತ್ರಯೋದಶಿ. ಬೆಳಗಿನ ಜಾವದವರೆಗೆ ಚಂದ್ರ ಹುಟ್ಟೋದೇ ಇಲ್ಲ. ಭವಿಷ್ಯಕ್ಕೆ ಅಂತ ಬರೆಸಿದ ಜಾತಕ ಐವತ್ತು ವರ್ಷದ ಹಿಂದಿನ ಕತ್ತಲಿಗೆ ಸಾಕ್ಷಿ ಆಯಿತು ನೋಡಿ.

ಇನ್ನು ಮುಖ. ಸ್ಟುಡಿಯೋದಲ್ಲಿ ಬೆಳಕು ಎದುರಿಂದ ಬಿದ್ದಿತ್ತು, ನನ್ನ ಚಿತ್ರದಲ್ಲಿ ಚಂದ್ರ ಹಿಂದಿದ್ದ. ಹಾಗಾಗಿ ದೊಡ್ಡಪ್ಪ ಜಾತ್ರೆಯಲ್ಲಿ ಕೊಂಡ ಮುಖವಾಡ ಹಾಕಿಕೊಂಡವರ ಥರ ಕಾಣುತ್ತಿದ್ದರು. ನಾಚಿಕೆಯಾಗಿ ಅದನ್ನು ಅಳಿಸಿ, ಹಿಂದಿನವರು ಈ ಕೆಲಸ ಹೇಗೆ ಮಾಡುತ್ತಿದ್ದರು ಅಂತ ಓದೋಕೆ ಕೂತೆ.

ಫೋಟೋ ಜೋಡಿಸೋದು ಕಂಪ್ಯೂಟರ್ ತಂದ ಚಟ ಅಂದುಕೊಂಡಿದ್ದೆ. ಫೋಟೋಶಾಪ್ ಬಂದಿದ್ದು 1990ರಲ್ಲಿ, ಅದರಲ್ಲಿ ಒಂದರ ಮೇಲೊಂದು ಪದರ ಇಡುವ ಲೇಯರ್ ಸೌಲಭ್ಯ ಸೇರಿದ್ದು 1994ರಲ್ಲಿ. ಆದರೆ ಕೆಲಸ ಅದಕ್ಕಿಂತ ನೂರು ವರ್ಷಕ್ಕೂ ಹಳೆಯದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರದ ಫೋಟೋ ತೆಗೆಯುತ್ತಿದ್ದ. ಆಗಿನ ಗಾಜಿನ ಪ್ಲೇಟುಗಳು ನೀಲಿ ಬೆಳಕನ್ನು ಅತಿಯಾಗಿ ಹೀರುತ್ತಿದ್ದವು. ನೆಲಕ್ಕೆ, ನೀರಿಗೆ ಸರಿಯಾಗಿ ಬೆಳಕು ಕೊಟ್ಟರೆ ಆಕಾಶ ಪೂರಾ ಬೆಳ್ಳಗೆ. ಅದಕ್ಕೆ ಅವನು ಕೆಲವು ಚಿತ್ರಗಳಿಗೆ ಆಕಾಶಕ್ಕೊಂದು ನೆಗೆಟಿವ್, ಸಮುದ್ರಕ್ಕೊಂದು ನೆಗೆಟಿವ್ ತೆಗೆದು ದಿಗಂತದಲ್ಲಿ ಸೇರಿಸಿ ಪ್ರಿಂಟ್ ಹಾಕಿದ. ಸೂರ್ಯನಿಗೆ ಎದುರಾಗಿ ಹಗಲಲ್ಲೇ ತೆಗೆದ ಅವನ ಹಡಗಿನ ಚಿತ್ರವೊಂದನ್ನು ಜನ ಬೆಳದಿಂಗಳು ಅಂತಲೇ ನಂಬಿದರು. ಹಗಲಲ್ಲಿ ರಾತ್ರಿ ಮಾಡೋ ವಿದ್ಯೆ ಅಷ್ಟು ಹಳೆಯದು.

1857ರಲ್ಲಿ ಇಂಗ್ಲೆಂಡಿನಲ್ಲಿ ರೇಲಾಂಡರ್ ಅನ್ನುವವನು ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ 'ಬದುಕಿನ ಎರಡು ದಾರಿ' ಎಂಬ ಅರ್ಥದ ಹೆಸರಿನ ದೊಡ್ಡ ಚಿತ್ರ ಮಾಡಿದ. ವಿಕ್ಟೋರಿಯಾ ರಾಣಿಯೇ ಅದರ ಒಂದು ಪ್ರತಿ ಕೊಂಡಳು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಸೇರಿಸಿ, ಸಾಯುತ್ತಿರುವ ಹುಡುಗಿಯ ಸುತ್ತ ಮನೆಯವರು ಕೂತ ಚಿತ್ರ ಮಾಡಿದ. ಇಂಥ ಖಾಸಗಿ ದುಃಖವನ್ನು ಫೋಟೋ ಮಾಡಬಹುದಾ ಅಂತ ಜನ ಸಿಟ್ಟಾದರು. ಬಣ್ಣದ ಚಿತ್ರಕಾರ ಬರೆದಿದ್ದರೆ ಯಾರೂ ಮಾತಾಡುತ್ತಿರಲಿಲ್ಲವೇನೋ. ಫೋಟೋ ಅಂದಕೂಡಲೇ ನಾವು ಅದನ್ನು ಸಾಕ್ಷಿ ಕಟ್ಟೆಯಲ್ಲಿ ನಿಲ್ಲಿಸಿಬಿಡುತ್ತೇವೆ.

ಈ ಜಗಳ ಸರಿಯಾಗಿ ಹತ್ತಿಕೊಂಡಿದ್ದು 1917ರಲ್ಲಿ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಫ್ರಾಂಕ್ ಹರ್ಲಿ ಹನ್ನೆರಡು ನೆಗೆಟಿವ್ ಸೇರಿಸಿ ಒಂದು ಯುದ್ಧದ ದೃಶ್ಯ ಕಟ್ಟಿದ. ಮೇಲೆ ವಿಮಾನ, ಕೆಳಗೆ ಸೈನಿಕರು, ನಡುವೆ ಸಿಡಿಗುಂಡು. ಒಂದೇ ಫ್ರೇಮಿನಲ್ಲಿ ಯುದ್ಧ ಹಿಡಿಯೋಕೆ ಆಗಲ್ಲ ಅನ್ನೋದು ಅವನ ವಾದ. ಅಲ್ಲೇ ಇದ್ದ, ಮುಂದೆ ಅಧಿಕೃತ ಇತಿಹಾಸಕಾರನಾದ ಚಾರ್ಲ್ಸ್ ಬೀನ್ ಇದು ನಕಲಿ, ನಡೆಯೋದಿಲ್ಲ ಅಂದ. ನನಗೆ ಇಬ್ಬರೂ ಅರ್ಥವಾಗ್ತಾರೆ. ಆದರೆ ದೊಡ್ಡಮ್ಮ ಬೀನ್ ಪಕ್ಷ!

ನನ್ನ ಕೆಲಸಕ್ಕೆ ನಿಜವಾದ ಗುರು ಸಿಕ್ಕಿದ್ದು ಅಮೆರಿಕದ ವಿನ್‌ಸ್ಟನ್ ಲಿಂಕ್. 1955ರಿಂದ 1960ರವರೆಗೆ ಅವನು ಉಗಿಬಂಡಿಗಳನ್ನು ಹೆಚ್ಚಾಗಿ ರಾತ್ರಿಯೇ ಫೋಟೋ ತೆಗೆದ. ಹಗಲಲ್ಲಿ ಸೂರ್ಯ ಎಲ್ಲಿರುತ್ತಾನೋ ಅಲ್ಲೇ, ಅವನನ್ನು ಸರಿಸೋಕೆ ಆಗಲ್ಲ. ರಾತ್ರಿಯಾದರೆ ಬೆಳಕನ್ನು ನಾವೇ ಇಡಬಹುದು. 1956ರಲ್ಲಿ ಅವನು ತೆಗೆದ ಒಂದು ಚಿತ್ರದಲ್ಲಿ ಜನ ಕಾರುಗಳಲ್ಲಿ ಕೂತು ಬಯಲು ಸಿನಿಮಾ ನೋಡುತ್ತಿದ್ದಾರೆ, ತೆರೆಯ ಮೇಲೆ ವಿಮಾನ, ಪಕ್ಕದಲ್ಲಿ ರೈಲು ಓಡುತ್ತಿದೆ. ನಲವತ್ತಕ್ಕೂ ಹೆಚ್ಚು ಫ್ಲಾಶ್ ಬಲ್ಬು ಒಟ್ಟಿಗೆ ಹೊತ್ತಿಸಿದ್ದ. ಅಷ್ಟು ಬೆಳಕಿಗೆ ತೆರೆಯ ಮೇಲಿನ ಸಿನಿಮಾ ಅಳಿಸಿಹೋಯಿತು. ಅದಕ್ಕೆ ತೆರೆಯ ಚಿತ್ರವನ್ನು ಬೇರೆ ನೆಗೆಟಿವ್‌ನಿಂದ ತಂದು ಸೇರಿಸಿದ. ಸಿನಿಮಾ, ರಾತ್ರಿ, ಓಡುವ ಗಾಡಿ... ನಮ್ಮ ದೊಡ್ಡಪ್ಪನ ಕಥೆಯೇ ಅಲ್ವಾ?

ದೊಡ್ಡಪ್ಪನ ಡಬ್ಬದೊಳಗೂ ಇದೇ ಮಾಯೆ ತುಂಬಿತ್ತು. 1963ರ 'ಸತಿ ಶಕ್ತಿ'ಯಲ್ಲಿ ರಾಜ್‌ಕುಮಾರ್ ಎರಡು ಪಾತ್ರ ಮಾಡಿದ್ದರು, 1978ರ 'ಶಂಕರ್ ಗುರು'ವಿನಲ್ಲಿ ಮೂರು. ಆ ಕಾಲದಲ್ಲಿ ಒಬ್ಬ ನಟನನ್ನು ಒಂದೇ ಫ್ರೇಮಿನಲ್ಲಿ ಎರಡು ಸಲ ತೋರಿಸಬೇಕಾದರೆ ಲೆನ್ಸಿನ ಅರ್ಧ ಮುಚ್ಚಿ ಒಂದು ಸಲ ತೆಗೆದು, ಫಿಲ್ಮ್ ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ತೆಗೆಯೋದು ಒಂದು ದಾರಿ. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಕಾಡಿನ ರಾತ್ರಿಗಳನ್ನು ಎಷ್ಟೋ ಸಲ ಹಗಲಲ್ಲೇ, ಬೆಳಕು ತಗ್ಗಿಸಿ ತೆಗೆಯುತ್ತಿದ್ದರು. ಗಮನಿಸಿದರೆ ಆ 'ರಾತ್ರಿ'ಯಲ್ಲಿ ಮರಗಳಿಗೆ ಗಟ್ಟಿ ನೆರಳು ಬಿದ್ದಿರುತ್ತೆ.

ಇಷ್ಟು ಓದಿದಮೇಲೆ ನನಗೆ ಒಂದು ಮಾತು ತಿಳಿಯಿತು. ಜೋಡಿಸೋದು ತಪ್ಪಲ್ಲ. ಆದರೆ ಜೋಡಿಸಿದ ಪ್ರತಿ ತುಂಡಿಗೂ ನಾವು ಲೆಕ್ಕ ಕೊಡಬೇಕು. ಈ ಬೆಳಕು ಎಲ್ಲಿಂದ ಬಂತು ಅಂತ ದೊಡ್ಡಮ್ಮ ಕೇಳಿದರೆ ಉತ್ತರ ಇರಬೇಕು. ಇತಿಹಾಸ ಬರೆಯೋರ ಕೆಲಸವೂ ಅದೇ ತಾನೆ?

ಎರಡನೇ ಸಲ ಹೀಗೆ ಮಾಡಿದೆ. ನ್ಯಾಮತಿಯ ಹಿತ್ತಲಲ್ಲಿ ಕತ್ತಲಾದಮೇಲೆ ಜಾವಾ ನಿಲ್ಲಿಸಿ, ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಇಪ್ಪತ್ತು ಸೆಕೆಂಡಿನ ಎಕ್ಸ್‌ಪೋಶರ್. ಒಂದು ಫ್ರೇಮಿಗೆ ಟ್ಯಾಂಕು, ಇನ್ನೊಂದಕ್ಕೆ ಎರಡು ಸೈಲೆನ್ಸರ್, ಮತ್ತೊಂದಕ್ಕೆ ಚಕ್ರ. ಹೀಗೆ ಒಂದೊಂದೇ ಭಾಗಕ್ಕೆ ಬಿಳಿ ಪಂಚೆ ಸುತ್ತಿದ ಟಾರ್ಚಿನಿಂದ ಬೆಳಕು ಸವರಿದೆ. ಪಂಚೆ ಇಲ್ಲದಿದ್ದರೆ ಕ್ರೋಮಿನ ಮೇಲೆ ಚುಕ್ಕೆ ಚುಕ್ಕೆ ಹೊಳೆಯುತ್ತೆ. ಆಮೇಲೆ ಗಿಂಪ್‌ನಲ್ಲಿ ಅವನ್ನೆಲ್ಲ ಒಂದರ ಮೇಲೊಂದಿಟ್ಟು 'ಲೈಟನ್' ಮಾಡಿದರೆ ಪ್ರತಿ ಫ್ರೇಮಿನ ಬೆಳಕಿನ ಭಾಗ ಮಾತ್ರ ಉಳಿಯುತ್ತೆ.

ಸವಾರನಾಗಿ ಅಕ್ಕನ ತಮ್ಮ ಕೂತ. ಮನುಷ್ಯ ಇಪ್ಪತ್ತು ಸೆಕೆಂಡು ಕಲ್ಲಾಗಿ ಕೂರಲಾರ, ಅದಕ್ಕೆ ಅವನ ಫ್ರೇಮು ಒಂದೇ ಫ್ಲಾಶಿನಲ್ಲಿ. ಮುಖದ ಆಸೆ ಬಿಟ್ಟೆ. ಹಿಂದಿನಿಂದ ತೆಗೆದೆ, ಬೆನ್ನು ಮಾತ್ರ.

ರಸ್ತೆಗೆ ಶಿವರಾತ್ರಿ ಹತ್ತಿರದಲ್ಲಿ ಜಗಳೂರಿಗೆ ಹೋದೆ. ಮುಸ್ಸಂಜೆ ಕಳೆಯುತ್ತಿದ್ದಂತೆ ಅದೇ ಲೆನ್ಸು, ಅದೇ ಮೊಣಕಾಲೆತ್ತರ. ಎತ್ತರ ಬೇರೆಯಾದರೆ ದಿಗಂತ ಹೊಂದಲ್ಲ, ಗಾಡಿ ಗಾಳಿಯಲ್ಲಿ ತೇಲುತ್ತೆ. ನಡುರಾತ್ರಿ ಮೇಲೆ ಅಲ್ಲೇ ನಿಂತು ಆಕಾಶದ ಫ್ರೇಮು ತೆಗೆದೆ. ನಾನು ನಿಂತ ಕಡೆ ಜಗಳೂರಿಗೆ ಬರುವವರ ಮುಖ ಈಶಾನ್ಯಕ್ಕೆ, ಹಾಗಾಗಿ ಉತ್ತರದ ಸಪ್ತರ್ಷಿ ಮಂಡಲ ಚಿತ್ರದಲ್ಲಿ ಬರಬೇಕು. ಬಂತು. ಹೆಡ್‌ಲೈಟಿನ ಬೆಳಕು ಹಳದಿ, ಹತ್ತಡಿ ದೂರಕ್ಕೆ ಸತ್ತುಹೋಗುವಷ್ಟು. ಕೊನೆಗೆ ಟೈರು ನೆಲ ಮುಟ್ಟುವ ಜಾಗದಲ್ಲಿ ಒಂದು ಎಳೆ ಕಪ್ಪು ನೆರಳು. ಆ ನೆರಳಿಲ್ಲದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ.

ಆ ಜಾವಾ ಕೂಡ ಈ ಕಥೆಗೆ ಹೇಳಿ ಮಾಡಿಸಿದ ಹಾಗಿತ್ತು. ಜಾವಾ ಅನ್ನೋದು ಜಾನೆಚೆಕ್ ಎಂಬ ಜೆಕ್ ಉದ್ಯಮಿ ಮತ್ತು ವಾಂಡರರ್ ಎಂಬ ಜರ್ಮನ್ ಕಂಪನಿ, ಈ ಎರಡು ಹೆಸರಿನ ಮೊದಲಕ್ಷರ ಸೇರಿಸಿ 1929ರಲ್ಲಿ ಮಾಡಿದ ಹೆಸರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, ಮುಂದೆ ಅದೇ ಗಾಡಿಗಳು ಯೆಜ್ಡಿ ಆದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಟೆಂಟು ಸಿನಿಮಾಗಳು, ತಂತಿ ಎಲ್ಲ ಹೋದವು. ಉಳಿದಿದ್ದು ಶೆಡ್ಡಿನ ಗಾಡಿ, ಜಾತಕ ಮತ್ತು ದೊಡ್ಡಮ್ಮನ ನೆನಪು.

ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಯಾವ ತುಂಡು ಎಲ್ಲಿಂದ, ಯಾವತ್ತು ತೆಗೆದದ್ದು, ಗಾಡಿ ಮೇಲೆ ಕೂತವರು ಯಾರು ಅಂತ ಪೆನ್ನಿನಲ್ಲಿ ಬರೆದೆ. ಮುಂದೊಂದು ದಿನ ಮೊಮ್ಮಕ್ಕಳು ಇದು 1974ರದ್ದೇ ಅಂದುಕೊಳ್ಳಬಾರದಲ್ಲ.

ಅಕ್ಕ ನೋಡಿ ಏನೂ ಮಾತಾಡಲಿಲ್ಲ. ದೊಡ್ಡಮ್ಮ ಫೋಟೋವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು. ಅಡಿಕೆ, ಮಳೆ, ಲೈಟು, ಯಾವುದರ ಬಗ್ಗೆಯೂ ತಕರಾರು ಬರಲಿಲ್ಲ. ಹಿಂದಿನ ಕೆಂಪು ದೀಪದ ಮೇಲೆ ಬೆರಳಿಟ್ಟು ಕೇಳಿದರು. "ಇದು ಬರ್ತಾ ಇರೋದಾ, ಹೋಗ್ತಾ ಇರೋದಾ?"

"ಬರ್ತಾ ಇರೋದು ದೊಡ್ಡಮ್ಮ, ಜಗಳೂರಿಗೆ" ಅಂದೆ.

"ಬಂದಿದ್ದು ನಾನೆಲ್ಲಿ ನೋಡ್ದೆ? ಒಳಗೆ ಮಲಗಿದ್ದೆ. ಹೋಗಿದ್ದು ನೋಡಿದೆ. ಕಿಟಕಿಯಾಗೆ. ಈ ದೀಪ ಒಂದೇ ಕಾಣ್ತಿತ್ತು."

ಹೋಗುತ್ತಿರುವುದಾದರೆ ಮುಖ ನೈರುತ್ಯಕ್ಕೆ, ಹೊತ್ತು ಬೆಳಗಿನ ಜಾವ ಮೂರು. ಅಲ್ಲಿ ಸಪ್ತರ್ಷಿ ಕಾಣಲ್ಲ. ಆಕಾಶ ಪೂರ್ತಿ ತಪ್ಪು. ಮುಂದಿನ ಶಿವರಾತ್ರಿಗೆ ಮತ್ತೆ ಜಗಳೂರಿಗೆ ಹೋಗಬೇಕು.