ಮುದ್ದೆ ತೂಗಿ ಕಲಿತ ವಿದ್ಯೆ

ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂಬುದು ಪೌಷ್ಟಿಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಬಾಯಿಪಾಠ. ಆದರೆ ಮುದ್ದೆ ಉಂಡವರ ಮೈಗೆ ಅದರಲ್ಲಿ ಎಷ್ಟು ದಕ್ಕುತ್ತದೆ? ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು, ಕರುಳು ಅದನ್ನು ಹೀರಿಕೊಳ್ಳದಂತೆ ತಡೆಯುತ್ತದೆ. ಹಾಗಾಗಿ ಪುಸ್ತಕದ ಕೋಷ್ಟಕದಲ್ಲಿ ಈ ಪ್ರಶ್ನೆಗೆ ಪೂರ್ತಿ ಉತ್ತರವಿಲ್ಲ. ಉಂಡವರನ್ನೇ ಪರೀಕ್ಷಿಸಬೇಕು.

ಇಂಥ ಪರೀಕ್ಷೆಗಳಿಗೆ ಮೈಸೂರು ಹೆಸರಾದದ್ದು 1950ರ ನಂತರ. ಆ ವರ್ಷದ ಅಕ್ಟೋಬರ್ 21ರಂದು ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಆರಂಭವಾಯಿತು. ಸಿಎಫ್‌ಟಿಆರ್‌ಐ ಎಂದೇ ಜನರಿಗೆ ಪರಿಚಿತವಾದ ಈ ಸಂಸ್ಥೆಯ ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಅವರು ಮತ್ತು ಡಾ. ಎಂ. ಸ್ವಾಮಿನಾಥನ್ ಸಹೋದ್ಯೋಗಿಗಳೊಡನೆ ರಾಗಿ ಆಧಾರಿತ ಬಡ ಸಸ್ಯಾಹಾರವನ್ನು ವಯಸ್ಕರ ಮೇಲೆ ಪರೀಕ್ಷಿಸಿ, 1955ರಲ್ಲಿ ಫಲಿತಾಂಶ ಪ್ರಕಟಿಸಿದರು.

ಇದರ ವಿಧಾನ ಕೇಳಲು ಸರಳ. ಉಣ್ಣುವುದನ್ನೆಲ್ಲ ತೂಗಿ ಬಡಿಸಬೇಕು. ಅದೇ ಅಡುಗೆಯ ಒಂದು ಪಾಲನ್ನು ವಿಶ್ಲೇಷಣೆಗೆ ತೆಗೆದಿಡಬೇಕು. ಕೆಲವು ದಿನ ಮಲಮೂತ್ರವನ್ನು ಪೂರ್ತಿ ಸಂಗ್ರಹಿಸಬೇಕು. ಒಳಹೋದದ್ದರಲ್ಲಿ ಹೊರಬಂದದ್ದನ್ನು ಕಳೆದರೆ ಉಳಿದದ್ದು ದೇಹಕ್ಕೆ ದಕ್ಕಿದ ಪಾಲು. ಪ್ರೋಟೀನಿನ ಲೆಕ್ಕಕ್ಕೆ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಕೆಲ್ಡಾಲ್ 1883ರಲ್ಲಿ ಕಂಡುಹಿಡಿದ ವಿಧಾನವೇ ಆಧಾರ. ಅದರಿಂದ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ.

ಆದರೆ ಒಂದು ಹೊತ್ತಿನ ಮೂತ್ರ ಸಂಗ್ರಹಕ್ಕೆ ತಪ್ಪಿದರೂ ಹೊರಹೋದದ್ದು ಕಡಿಮೆ ಕಾಣುತ್ತದೆ. ಸಾಲದ ಊಟವೂ ಸಾಕಾದಂತೆ ತೋರುತ್ತದೆ. ಬಡವರ ತಟ್ಟೆಯ ಬಗ್ಗೆ ತೀರ್ಮಾನ ಕೊಡಬೇಕಾದವರು ಈ ಅಪಾಯವನ್ನು ಓದಿ ತಿಳಿದರೆ ಸಾಲದು, ಕೆಲಸದಲ್ಲೇ ಅರಿಯಬೇಕು.

ಇದೇ ತಂಡ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟಿನ ಮಿಶ್ರಣಕ್ಕೆ ಜೀವಸತ್ವ, ಖನಿಜ ಸೇರಿಸಿ ‘ವಿವಿಧೋದ್ದೇಶ ಆಹಾರ’ ರೂಪಿಸಿತ್ತು. ಅದನ್ನು ತಿಂದ ಶಾಲಾ ಮಕ್ಕಳ ಬೆಳವಣಿಗೆಯ ಅಧ್ಯಯನ 1957ರಲ್ಲಿ ಪ್ರಕಟವಾಯಿತು. ಸ್ವಾಮಿನಾಥನ್ ಮುಂದೆ ಬರೆದ ಪಠ್ಯಪುಸ್ತಕಗಳನ್ನು ದೇಶದ ಗೃಹವಿಜ್ಞಾನ ವಿದ್ಯಾರ್ಥಿಗಳು ಓದಿದರು. ಪ್ರಯೋಗಶಾಲೆಯ ಅನುಭವ ಹೀಗೆ ತರಗತಿಗೂ ಬಂತು.

1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ ಸಂಶೋಧನಾಲಯದಲ್ಲಿ ಅಂತರರಾಷ್ಟ್ರೀಯ ತರಬೇತಿ ಕೇಂದ್ರ ಆರಂಭವಾದಾಗ, ಸಂಶೋಧಕರ ನಡುವೆಯೇ ಕಲಿಯುವ ಅವಕಾಶ ಹೊರದೇಶದವರಿಗೂ ದೊರೆಯಿತು. ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಆಹಾರ ವಿಜ್ಞಾನ ಮತ್ತು ಪೌಷ್ಟಿಕತೆಗಾಗಿ ವಿಭಾಗವೊಂದನ್ನು ತೆರೆಯಿತು.

ಪ್ರಯೋಗಶಾಲೆಯಾಚೆಗೂ ಈ ಕಲಿಕೆ ಸಾಗುತ್ತದೆ. ಆಹಾರ ಸಮೀಕ್ಷೆಗೆ ಹೋದ ವಿದ್ಯಾರ್ಥಿಗೆ ಮನೆಯಾಕೆ ‘ಎರಡು ಮುದ್ದೆ, ಒಂದು ಸೌಟು ಸಾರು’ ಎನ್ನುತ್ತಾಳೆ. ಒಂದು ಮನೆಯ ಮುದ್ದೆ ಇನ್ನೊಂದು ಮನೆಯದರಷ್ಟಿರುವುದಿಲ್ಲ. ಅಲ್ಲೇ ಕೂತು ಹಿಟ್ಟು ತೂಗಿದವರಿಗಷ್ಟೇ ಆ ಮಾತು ಗ್ರಾಂಗಳಾಗಿ ತಿಳಿಯುತ್ತದೆ. ಮುಂದೆ ಆಸ್ಪತ್ರೆಯಲ್ಲಿ ಅವರು ರೋಗಿಗೆ ಪಥ್ಯ ಹೇಳುವಾಗ, ಕೋಷ್ಟಕದ ಅಂಕಿಯ ಜೊತೆಗೆ ಅದರ ಮಿತಿಯೂ ನೆನಪಿರುತ್ತದೆ.