ದ್ವಿಚಕ್ರ ವಾಹನದಲ್ಲಿ ಪಿಸ್ತೂಲು ಅಥವಾ ರಿವಾಲ್ವರ್ ಒಯ್ಯುವ ಪರವಾನಗಿದಾರರಿಗೆ ಮಾಹಿತಿ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಆಯುಧ ಪರವಾನಗಿ ಹೊಂದಿರುವವರ ಹಾಗೂ ಹೊಸದಾಗಿ ಅರ್ಜಿ ಸಲ್ಲಿಸಲಿಚ್ಛಿಸುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅಡಿಕೆ, ಕೊಬ್ಬರಿ, ಈರುಳ್ಳಿ ವಹಿವಾಟಿನ ಹಣದೊಡನೆ ಸಂಚರಿಸುವವರು, ಊರಿನಿಂದ ದೂರವಿರುವ ತೋಟದ ಮನೆಗಳಲ್ಲಿ ವಾಸಿಸುವವರು ಹೆಚ್ಚಾಗಿ ಮೋಟಾರು ಸೈಕಲ್ಲನ್ನೇ ಅವಲಂಬಿಸಿರುತ್ತಾರೆ. ಕಾರಿನಲ್ಲಿ ಆಯುಧವನ್ನು ಒಯ್ಯುವುದಕ್ಕೂ ದ್ವಿಚಕ್ರ ವಾಹನದಲ್ಲಿ ಒಯ್ಯುವುದಕ್ಕೂ ಬಹಳ ವ್ಯತ್ಯಾಸವಿದೆ. ವಾಹನ ಉರುಳಿದರೆ ಸವಾರನೊಡನೆ ಆಯುಧವೂ ನೆಲಕ್ಕೆ ಬೀಳುತ್ತದೆ. ಅದರಲ್ಲಿ ಗುಂಡು ತುಂಬಿದ್ದರೆ ಅಪಾಯವು ಸವಾರನೊಬ್ಬನಿಗೆ ಮಾತ್ರ ಸೀಮಿತವಾಗಿರುವುದಿಲ್ಲ.

ಪರವಾನಗಿಯ ಸ್ವರೂಪ

ಆಯುಧ ಅಧಿನಿಯಮ, 1959ರ 3ನೇ ಪ್ರಕರಣದಂತೆ ಪರವಾನಗಿ ಇಲ್ಲದೆ ಯಾವುದೇ ಬಂದೂಕು ಅಥವಾ ಮದ್ದುಗುಂಡನ್ನು ಹೊಂದುವಂತಿಲ್ಲ. 2019ರ ತಿದ್ದುಪಡಿಯ ಪ್ರಕಾರ ಒಬ್ಬ ವ್ಯಕ್ತಿಯು ಗರಿಷ್ಠ 2 ಆಯುಧಗಳನ್ನು ಮಾತ್ರ ಹೊಂದಬಹುದಾಗಿದೆ. ಹಿಂದೆ ಈ ಮಿತಿಯು 3 ಆಗಿತ್ತು. ಪರವಾನಗಿಯ ಅವಧಿಯನ್ನು ಇದೇ ತಿದ್ದುಪಡಿಯಲ್ಲಿ 3 ವರ್ಷದಿಂದ 5 ವರ್ಷಕ್ಕೆ ಹೆಚ್ಚಿಸಲಾಗಿದೆ. 21 ವರ್ಷ ತುಂಬದವರು ಸಾಮಾನ್ಯವಾಗಿ ಪರವಾನಗಿಗೆ ಅರ್ಹರಲ್ಲ.

ಬೆಳೆ ರಕ್ಷಣೆಗಾಗಿ ಪಡೆದ ನಾಡಬಂದೂಕಿನ ಪರವಾನಗಿಯು ಪಿಸ್ತೂಲಿಗೂ ಅನ್ವಯಿಸುತ್ತದೆ ಎಂಬ ತಪ್ಪು ಕಲ್ಪನೆ ಗ್ರಾಮಾಂತರ ಭಾಗದಲ್ಲಿ ಇದೆ. ಇದು ಸರಿಯಲ್ಲ. ನೈಜ ಬೆಳೆ ರಕ್ಷಣೆಗೆ ಬೇಕಾದ ಬಾಯಿಮದ್ದಿನ ಬಂದೂಕು, ಹಾಗೂ ರಕ್ಷಣೆ ಅಥವಾ ಕ್ರೀಡೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನಯಕೊಳವೆ ಬಂದೂಕು, ಇವುಗಳನ್ನು ಅಧಿನಿಯಮದ 13ನೇ ಪ್ರಕರಣವು ಒಂದು ವರ್ಗವಾಗಿ ಪರಿಗಣಿಸಿದೆ. ಪಿಸ್ತೂಲು ಮತ್ತು ರಿವಾಲ್ವರ್ ಈ ವರ್ಗಕ್ಕೆ ಸೇರುವುದಿಲ್ಲ. ಅವುಗಳಿಗೆ ಅರ್ಜಿದಾರರು ತಮಗೆ ಸಕಾರಣವಿದೆಯೆಂದು ಪರವಾನಗಿ ಪ್ರಾಧಿಕಾರಕ್ಕೆ ಮನದಟ್ಟು ಮಾಡಿಕೊಡತಕ್ಕದ್ದು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಉಲ್ಲೇಖಿಸಿ ಅರ್ಜಿ ಸಲ್ಲಿಸುವುದರಿಂದಲೂ ಪ್ರಯೋಜನವಿಲ್ಲ. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿದೆಯಾದರೂ ಅದು ಈ ಮೂರು ತಾಲ್ಲೂಕುಗಳ ನಿವಾಸಿಗಳಿಗೆ ಅನ್ವಯಿಸುವುದಿಲ್ಲ.

ಅರ್ಜಿ ಸಲ್ಲಿಸುವ ವಿಧಾನ

ಆಯುಧ ನಿಯಮಗಳು, 2016ರನ್ವಯ ಅರ್ಜಿಯನ್ನು ನಮೂನೆ ಎ-1ರಲ್ಲಿ ಸಲ್ಲಿಸತಕ್ಕದ್ದು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿಯವರು ಪರವಾನಗಿ ಪ್ರಾಧಿಕಾರವಾಗಿರುತ್ತಾರೆ. ಅರ್ಜಿಯೊಡನೆ ಭಾವಚಿತ್ರಗಳು, ಜನ್ಮದಿನಾಂಕ, ಗುರುತು ಮತ್ತು ವಾಸಸ್ಥಳದ ದಾಖಲೆಗಳು, ಆಯುಧವನ್ನು ಸುರಕ್ಷಿತವಾಗಿ ಇರಿಸುವ ಬಗ್ಗೆ ಮುಚ್ಚಳಿಕೆ ಮತ್ತು ದೈಹಿಕ, ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸಬೇಕು. ತದನಂತರ ಸಂಬಂಧಪಟ್ಟ ಪೊಲೀಸ್ ಠಾಣೆಯಿಂದ ವರದಿಯನ್ನು ತರಿಸಿಕೊಂಡು ಅರ್ಜಿಯ ಮೇಲೆ ಆದೇಶ ಹೊರಡಿಸಲಾಗುವುದು. ಅರ್ಜಿಯನ್ನು ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕಾಗಿದ್ದು, ಅಂತಹ ಆದೇಶದ ವಿರುದ್ಧ 18ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ತರೀಕೆರೆ ತಾಲ್ಲೂಕಿನ ಪಶ್ಚಿಮ ಭಾಗದ ಅರ್ಜಿದಾರರು ಇನ್ನೊಂದು ಅಂಶವನ್ನು ಗಮನಿಸಬೇಕು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 34ನೇ ಪ್ರಕರಣದಂತೆ ಅಭಯಾರಣ್ಯದಿಂದ 10 ಕಿ.ಮೀ. ವ್ಯಾಪ್ತಿಯೊಳಗೆ ಹೊಸ ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಅಗತ್ಯ. ಭದ್ರಾ ಅಭಯಾರಣ್ಯದ ಲಕ್ಕವಳ್ಳಿ ವಲಯಕ್ಕೆ ಹೊಂದಿಕೊಂಡ ಗ್ರಾಮಗಳಿಗೆ ಇದು ಅನ್ವಯಿಸುತ್ತದೆ. ಇಂತಹ ಅರ್ಜಿಗಳಿಗೆ ಹೆಚ್ಚು ಸಮಯ ತಗಲುವುದು ಈ ಕಾರಣದಿಂದಲೇ.

ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಬಗೆ

2016ರ ನಿಯಮಗಳು ಈ ಬಗ್ಗೆ ಸ್ಪಷ್ಟವಾಗಿವೆ. ಪಿಸ್ತೂಲು ಅಥವಾ ರಿವಾಲ್ವರನ್ನು ಅದಕ್ಕಾಗಿಯೇ ತಯಾರಿಸಿದ ಒರೆಯಲ್ಲಿ ಅಥವಾ ಅಂತಹುದೇ ಚೀಲದಲ್ಲಿ ಇರಿಸಿರಬೇಕು. ಅದು ಪೂರ್ಣವಾಗಿ ಮುಚ್ಚಿರಬೇಕು. ಮತ್ತು ಒಯ್ಯುವವರಿಗೆ ಅದರ ಮೇಲೆ ಪರಿಣಾಮಕಾರಿ ಹಿಡಿತವಿರಬೇಕು. ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಝಳಪಿಸುವುದು ನಿಷಿದ್ಧ. ಷರತ್ತುಗಳನ್ನು ಉಲ್ಲಂಘಿಸಿದಲ್ಲಿ 30ನೇ ಪ್ರಕರಣದಡಿ 6 ತಿಂಗಳವರೆಗೆ ಕಾರಾವಾಸ ಅಥವಾ ರೂ. 2,000ದವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಅನೇಕರಿಗೆ ಇದಕ್ಕಿಂತ ದೊಡ್ಡ ನಷ್ಟವೆಂದರೆ ಪರವಾನಗಿಯೇ ರದ್ದಾಗುವುದು.

ಮೋಟಾರು ಸೈಕಲ್ ಸವಾರಿಯಲ್ಲಿ ಈ ಮೂರು ಷರತ್ತುಗಳನ್ನು ಪಾಲಿಸುವುದು ತೋರುವಷ್ಟು ಸುಲಭವಲ್ಲ. ವೇಗಕ್ಕೆ ಗಾಳಿಯು ಅಂಗಿಯ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ನಿಂತಾಗ ಮುಚ್ಚಿಕೊಂಡಿದ್ದ ಒರೆಯು ಓಡುವಾಗ ಹಿಂದಿನವರ ಕಣ್ಣಿಗೆ ಬೀಳುತ್ತದೆ. ಆದುದರಿಂದ ಸಡಿಲವಾದ ಅಂಗಿಯ ಬದಲು ಸೊಂಟದಿಂದ ಕೆಳಗಿಳಿಯುವ, ಮುಂದೆ ಜಿಪ್ ಇರುವ ಜಾಕೆಟ್ ಧರಿಸುವುದು ಸೂಕ್ತ. ಪ್ಯಾಂಟಿನ ನಡುವಿಗೆ ಒರೆಯಿಲ್ಲದೆ ಸಿಕ್ಕಿಸಿಕೊಳ್ಳುವ ರೂಢಿಯು ನಿಯಮಬಾಹಿರವಷ್ಟೇ ಅಲ್ಲ, ಅತ್ಯಂತ ಅಪಾಯಕಾರಿಯೂ ಹೌದು. ರಸ್ತೆಯ ಹಳ್ಳದಲ್ಲಿ ವಾಹನ ಜಿಗಿದಾಗ ಆಯುಧ ಜಾರುತ್ತದೆ. ಜಾರುವುದನ್ನು ತಡೆಯಲು ಸವಾರನು ಹ್ಯಾಂಡಲ್ ಬಿಟ್ಟು ಕೈ ಹಾಕುತ್ತಾನೆ. ಆ ಕೈಬೆರಳು ಟ್ರಿಗರಿಗೆ ತಾಗುವ ಸಂಭವವಿರುತ್ತದೆ.

ಒರೆಯು ಟ್ರಿಗರನ್ನು ಪೂರ್ತಿಯಾಗಿ ಮುಚ್ಚುವಂತಿರಬೇಕು ಮತ್ತು ಬಿದ್ದರೂ ಆಯುಧ ಹೊರಬರದಂತೆ ಪಟ್ಟಿ ಅಥವಾ ಗುಂಡಿಯನ್ನು ಹೊಂದಿರಬೇಕು. ಅದನ್ನು ದಪ್ಪ ಬೆಲ್ಟಿಗೆ ಬಿಗಿಯಾಗಿ ಸೇರಿಸತಕ್ಕದ್ದು. ಹೊಟ್ಟೆಯ ಮುಂಭಾಗದಲ್ಲಿ ಇರಿಸಿದರೆ ಸವಾರನು ಮುಂದಕ್ಕೆ ಬಾಗಿದಾಗ ಆಯುಧವು ಒತ್ತುವುದಲ್ಲದೆ ನಳಿಗೆಯು ತೊಡೆಯ ಕಡೆಗೆ ತಿರುಗಿರುತ್ತದೆ. ಬೆನ್ನಿನ ನಡುಭಾಗದಲ್ಲಿ ಇರಿಸುವುದೂ ಯೋಗ್ಯವಲ್ಲ. ಬೆನ್ನಡಿಯಾಗಿ ಬಿದ್ದಲ್ಲಿ ಲೋಹದ ವಸ್ತುವು ಬೆನ್ನುಮೂಳೆಗೆ ನೇರವಾಗಿ ಪೆಟ್ಟು ನೀಡುತ್ತದೆ. ಸೊಂಟದ ಪಕ್ಕದ ಭಾಗವು ಇವೆರಡಕ್ಕಿಂತ ಮೇಲು. ಹಿಂಬದಿ ಸವಾರರು ಸೊಂಟ ಹಿಡಿದು ಕೂರುವುದು ಸಾಮಾನ್ಯವಾದ್ದರಿಂದ, ಅವರ ಕೈ ಒರೆಯ ಮೇಲೆ ಬೀಳದಂತೆ ಮೊದಲೇ ತಿಳಿಸಬೇಕು. ಪೆಟ್ರೋಲ್ ಟ್ಯಾಂಕಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಆಯುಧವನ್ನು ಧರಿಸಲೇಬಾರದು. ಮಕ್ಕಳನ್ನು ಹಾಗೆ ಕೂರಿಸುವುದೇ ತಪ್ಪೆಂಬುದು ಬೇರೆ ಮಾತು.

ಸವಾರಿಯ ವೇಳೆ ಪಿಸ್ತೂಲಿನ ನಳಿಗೆಯ ಕೋಣೆಯನ್ನು ಖಾಲಿ ಇರಿಸುವುದು ಕ್ಷೇಮಕರ. ಸುತ್ತಿಗೆಗೆ ತಡೆಯಿಲ್ಲದ ಹಳೆಯ ಮಾದರಿಯ ರಿವಾಲ್ವರ್‌ಗಳಲ್ಲಿ ಸುತ್ತಿಗೆಯ ಎದುರಿನ ಕೋಣೆಯನ್ನು ಖಾಲಿ ಬಿಡತಕ್ಕದ್ದು, ಏಕೆಂದರೆ ಸುತ್ತಿಗೆಯ ಮೇಲೆ ಬಿದ್ದ ಪೆಟ್ಟೇ ಗುಂಡು ಹಾರಲು ಸಾಕಾಗಬಹುದು.

ಸೀಟಿನ ಕೆಳಗಿನ ಡಿಕ್ಕಿ, ಪಕ್ಕದ ಪೆಟ್ಟಿಗೆ ಹಾಗೂ ಟ್ಯಾಂಕ್ ಮೇಲಿನ ಚೀಲಗಳಲ್ಲಿ ಆಯುಧವನ್ನು ಇಟ್ಟು ವಾಹನವನ್ನು ಬಿಟ್ಟು ಹೋಗುವಂತಿಲ್ಲ. ಅಲ್ಲಿ ಪರಿಣಾಮಕಾರಿ ಹಿಡಿತವೆಂಬ ಷರತ್ತು ಪೂರೈಕೆಯಾಗುವುದಿಲ್ಲ, ಮತ್ತು ಡಿಕ್ಕಿಯ ಬೀಗವನ್ನು ಮುರಿಯಲು ಹೆಚ್ಚಿನ ಶ್ರಮ ಬೇಕಾಗಿಲ್ಲ.

ಈ ಭಾಗದ ಹವಾಮಾನವನ್ನೂ ಗಮನದಲ್ಲಿರಿಸಬೇಕು. ಅಜ್ಜಂಪುರದ ಬಯಲುಸೀಮೆಯಿಂದ ಲಕ್ಕವಳ್ಳಿಯ ಕಡೆಗೆ ಮುಂಗಾರಿನಲ್ಲಿ ಹೊರಟವರಿಗೆ ಒಂದೇ ಪ್ರಯಾಣದಲ್ಲಿ ಧೂಳು ಹಾಗೂ ಮಳೆ ಎರಡೂ ಎದುರಾಗಬಹುದು. ಒದ್ದೆಯಾದ ಚರ್ಮದ ಒರೆಯಲ್ಲಿ ಆಯುಧವನ್ನು ರಾತ್ರಿಯಿಡೀ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಮನೆ ತಲುಪಿದ ಕೂಡಲೇ ಗುಂಡುಗಳನ್ನು ತೆಗೆದು, ಒರೆಸಿ, ಎಣ್ಣೆ ಸವರಿ ಬೀಗದ ಪೆಟ್ಟಿಗೆಯಲ್ಲಿ ಇರಿಸತಕ್ಕದ್ದು.

ಒಯ್ಯಬಾರದ ಸ್ಥಳಗಳು

ಪರವಾನಗಿಯ ಷರತ್ತಿನಂತೆ ಜಿಲ್ಲಾ ದಂಡಾಧಿಕಾರಿಯವರ ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಇತರ ಸಾರ್ವಜನಿಕ ಸಮಾರಂಭ ಮತ್ತು ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ಆಯುಧವನ್ನು ತರುವಂತಿಲ್ಲ. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಬರುವ ಪರವಾನಗಿದಾರರು ಆಯುಧವನ್ನು ಮನೆಯಲ್ಲಿಯೇ ಬಿಟ್ಟು ಬರತಕ್ಕದ್ದು. ಮಗುವನ್ನು ಶಾಲೆಗೆ ಬಿಡಲು ಗೇಟಿನೊಳಕ್ಕೆ ಹೋದರೂ ಷರತ್ತಿನ ಉಲ್ಲಂಘನೆಯಾಗುತ್ತದೆ. ಮದುವೆ, ಉತ್ಸವಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದಲ್ಲಿ 2 ವರ್ಷದವರೆಗೆ ಕಾರಾವಾಸ ಅಥವಾ ರೂ. 1 ಲಕ್ಷದವರೆಗೆ ಜುಲ್ಮಾನೆ ಅಥವಾ ಎರಡನ್ನೂ 2019ರ ತಿದ್ದುಪಡಿಯು ನಿಗದಿಪಡಿಸಿದೆ. ಅಭಯಾರಣ್ಯದೊಳಕ್ಕೆ ಲಿಖಿತ ಅನುಮತಿ ಇಲ್ಲದೆ ಆಯುಧದೊಡನೆ ಪ್ರವೇಶಿಸುವುದು ಅಪರಾಧ. ಪರವಾನಗಿಯು ಬೇಟೆಗೆ ಅನುಮತಿಯಲ್ಲ.

ಚುನಾವಣೆ ಘೋಷಣೆಯಾದ ನಂತರ ಆಯುಧಗಳನ್ನು ಠೇವಣಿ ಇಡುವ ಬಗ್ಗೆ ಹಾಗೂ ಒಯ್ಯದಿರುವ ಬಗ್ಗೆ ಹೊರಡಿಸುವ ಆದೇಶಗಳನ್ನು ಪಾಲಿಸತಕ್ಕದ್ದು. ಠಾಣೆಯಲ್ಲಿ ಠೇವಣಿ ಇಟ್ಟಾಗ ರಸೀದಿಯನ್ನು ತಪ್ಪದೆ ಪಡೆಯಬೇಕು.

ತಪಾಸಣೆಯ ಸಂದರ್ಭ

ಆಯುಧ ಒಯ್ಯುತ್ತಿರುವವರಿಂದ ಪರವಾನಗಿಯನ್ನು ಕೇಳಲು 19ನೇ ಪ್ರಕರಣವು ಪೊಲೀಸ್ ಅಧಿಕಾರಿಗಳಿಗೆ ಅಧಿಕಾರ ನೀಡಿದೆ. ನಾಕಾಬಂದಿಯಲ್ಲಿ ನಿಲ್ಲಿಸಿದಾಗ ಸವಾರರು ಎಂಜಿನ್ ನಿಲ್ಲಿಸಿ, ಎರಡೂ ಕೈಗಳನ್ನು ಹ್ಯಾಂಡಲಿನ ಮೇಲಿಟ್ಟು, ತಮ್ಮಲ್ಲಿ ಪರವಾನಗಿ ಸಹಿತ ಆಯುಧವಿದೆಯೆಂದು ಬಾಯಿಮಾತಿನಲ್ಲಿ ಮೊದಲು ತಿಳಿಸಬೇಕು. ತೋರಿಸುವ ಸಲುವಾಗಿ ತಾವಾಗಿಯೇ ಆಯುಧವನ್ನು ಹೊರತೆಗೆಯಬಾರದು. ಕತ್ತಲಲ್ಲಿ ಇದನ್ನು ಬೇರೆಯಾಗಿ ಅರ್ಥೈಸುವ ಸಂಭವವಿದೆ. ಪರವಾನಗಿಯನ್ನು ಆಯುಧ ಇರುವ ಬದಿಯ ಜೇಬಿನಲ್ಲಿ ಇರಿಸದೆ ಎದೆಯ ಜೇಬಿನಲ್ಲಿ ಇರಿಸಿದರೆ ಅನುಕೂಲ. ಹೆಲ್ಮೆಟ್ ಧರಿಸದ ಕಾರಣಕ್ಕೆ ವಾಹನ ತಡೆದ ಸಂದರ್ಭದಲ್ಲಿಯೂ ಇದೇ ಕ್ರಮವನ್ನು ಅನುಸರಿಸಬೇಕು.

ಅಪಘಾತವಾದಲ್ಲಿ ಅಥವಾ ಆಯುಧ ಕಳೆದುಹೋದಲ್ಲಿ

ಅಪಘಾತದಲ್ಲಿ ಗಾಯಗೊಂಡ ಪರವಾನಗಿದಾರರು ಪ್ರಜ್ಞೆಯಲ್ಲಿದ್ದರೆ ಆಂಬುಲೆನ್ಸ್ ಸಿಬ್ಬಂದಿಗೆ ಆಯುಧವಿರುವುದನ್ನು ಕೂಡಲೇ ತಿಳಿಸಬೇಕು. ನೆರವಿಗೆ ಬಂದವರು ಆಯುಧವನ್ನು ಮುಟ್ಟದೆ ಪೊಲೀಸರ ಗಮನಕ್ಕೆ ತರುವುದು ಉಚಿತ. ಆಯುಧವು ದಾರಿಯಲ್ಲಿ ಬಿದ್ದುಹೋದರೆ ಅಥವಾ ಕಳುವಾದರೆ ವಿಳಂಬ ಮಾಡದೆ ಸಮೀಪದ ಠಾಣೆಗೆ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ದೂರಿನಲ್ಲಿ ಆಯುಧದ ಕ್ರಮಸಂಖ್ಯೆ, ಬೋರ್, ಇದ್ದ ಗುಂಡುಗಳ ಸಂಖ್ಯೆ ಮತ್ತು ಪರವಾನಗಿಯ ವಿಶಿಷ್ಟ ಗುರುತಿನ ಸಂಖ್ಯೆಯನ್ನು ನಮೂದಿಸಬೇಕಾಗಿರುವುದರಿಂದ, ಪರವಾನಗಿಯ ನೆರಳಚ್ಚು ಪ್ರತಿಯೊಂದನ್ನು ಮನೆಯಲ್ಲಿ ಪ್ರತ್ಯೇಕವಾಗಿ ಇರಿಸಿಕೊಳ್ಳುವುದು.