ಮಾತ್ರೆ ಬದಲಾಯಿತು, ಮುಚ್ಚಿಡುವುದು ನಿಲ್ಲಲಿಲ್ಲ

ನಮ್ಮೂರು ಕಿರಿಮಂಜೇಶ್ವರದಲ್ಲಿ ಅರವತ್ತು ದಾಟಿದವರು ನಾಲ್ಕು ಜನ ಸೇರಿದರೆ ಬಿಪಿ, ಶುಗರ್, ಕೊಲೆಸ್ಟ್ರಾಲಿನದೇ ಮಾತು. ಈಗ ನಾನೂ ಅದಕ್ಕೆ ದನಿಗೂಡಿಸುತ್ತೇನೆ. ನನ್ನಂತೆ ಎಚ್‌ಐವಿ ಇರುವವನೊಬ್ಬ ಈ ಪ್ರಾಯ ಮುಟ್ಟುತ್ತಾನೆಂಬುದು ಒಂದು ಕಾಲಕ್ಕೆ ಯಾರ ಲೆಕ್ಕದಲ್ಲೂ ಇರಲಿಲ್ಲ.

ನಮ್ಮ ಕಡೆಯ ಗಂಡುಮಕ್ಕಳು ಬೊಂಬಾಯಿ ಹೋಟೆಲಿಗೆ ಹೋಗುವುದು ಹಳೆಯ ರೂಢಿ. ನಾನೂ ಹೋದೆ, ರೋಗ ಗೊತ್ತಾದದ್ದು ಅಲ್ಲೇ. ಔಷಧಿ ಕೊಳ್ಳುವಷ್ಟು ಸಂಬಳವಿರಲಿಲ್ಲ. 2004ರ ಏಪ್ರಿಲ್ 1ಕ್ಕೆ ಸರ್ಕಾರ ದೇಶದ 8 ಕೇಂದ್ರಗಳಲ್ಲಿ ಎಚ್‌ಐವಿ ಹತ್ತಿಕ್ಕುವ ಔಷಧಿ ಚಿಕಿತ್ಸೆ, ಅಂದರೆ ಎಆರ್‌ಟಿಯನ್ನು, ಉಚಿತವಾಗಿ ಶುರುಮಾಡಿತು. ಅದರಲ್ಲೊಂದು ಬೊಂಬಾಯಿಯ ಜೆ.ಜೆ. ಆಸ್ಪತ್ರೆ. ನನ್ನ ಮಾತ್ರೆ ಶುರುವಾದದ್ದೂ ಅಲ್ಲಿಂದಲೇ.

ಆ ಮಾತ್ರೆಯಲ್ಲಿ ಸ್ಟಾವುಡಿನ್ ಎಂಬ ಔಷಧಿ ಇತ್ತು. ಜೀವ ಉಳಿಯಿತು, ಕೆನ್ನೆ ಕರಗಿತು. ಕೈಕಾಲಿನ ಕೊಬ್ಬಿಳಿದು ನರಗಳು ಹುರಿಯ ಹಾಗೆ ಎದ್ದವು, ರಕ್ತದಲ್ಲಿ ಟ್ರೈಗ್ಲಿಸರೈಡ್ ಏರಿತು. ಊರಿಗೆ ಬಂದಾಗ ಅಮ್ಮ, "ಎಂತಕ್ ಮಗಾ ಇಷ್ಟ್ ಸಪೂರ ಆಯ್ದೆ? ಹೋಟೆಲಂಗೂ ಉಂಬುಕ್ ಹಾಕುದಿಲ್ಯಾ?" ಎಂದರು. ನಾನು ಮಾತು ಮರೆಸಿದೆ.

2003ರಲ್ಲೇ ಡಿ:ಎ:ಡಿ ಅಧ್ಯಯನ ಎಚ್ಚರಿಸಿತ್ತು: ಎಚ್‌ಐವಿ ಚಿಕಿತ್ಸೆಯ ಮೊದಲ ಕೆಲವು ವರ್ಷಗಳಲ್ಲಿ ಒಂದೊಂದು ವರ್ಷಕ್ಕೂ ಹೃದಯಾಘಾತದ ಸಂಭವ ಶೇ. 26ರಷ್ಟು ಏರುತ್ತದೆ. ಆದರೂ 23,468 ಜನರಲ್ಲಿ ಹೃದಯಾಘಾತವಾದದ್ದು 126 ಮಂದಿಗೆ. ಹಾಗಾದರೆ ಮಾತ್ರೆ ಬಿಟ್ಟರೆ ಹೃದಯಕ್ಕೆ ಒಳ್ಳೆಯದೇ? ಅಲ್ಲವೆಂದು 2006ರ ಸ್ಮಾರ್ಟ್ ಅಧ್ಯಯನ ತೋರಿಸಿತು. ಮಾತ್ರೆಯನ್ನು ನಡುನಡುವೆ ನಿಲ್ಲಿಸಿದವರಲ್ಲೇ ಸಾವೂ ಹೃದ್ರೋಗವೂ ಹೆಚ್ಚಿದ್ದವು. ಹತೋಟಿ ತಪ್ಪಿದ ವೈರಸ್ ಒಳಗೊಳಗೇ ಉರಿಯೂತ ಎಬ್ಬಿಸಿ ರಕ್ತನಾಳ ಕೆಡಿಸುತ್ತದೆ.

2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಕೈಬಿಡಲು ಹೇಳಿತು. ಆಮೇಲೆ ಟೆನೊಫೊವಿರ್, ಈಗ ಅದರ ಜೊತೆ ಡೊಲುಟೆಗ್ರಾವಿರ್. ಕೊಲೆಸ್ಟ್ರಾಲಿಗೆ ಇವು ಅಷ್ಟು ಕೇಡಲ್ಲ. ತೂಕ ಮಾತ್ರ ಏರಬಹುದು. ಸೊರಗಿದ್ದಕ್ಕೆ ಕೇಳುತ್ತಿದ್ದ ಊರು ಈಗ ನನ್ನ ಹೊಟ್ಟೆ ನೋಡಿ ನಗುತ್ತದೆ. ಹೃದಯಕ್ಕೂ ಕಾವಲು ಸಿಕ್ಕಿದೆ: ಎಚ್‌ಐವಿ ಇರುವವರ ಮೇಲೆ ನಡೆದ, ಭಾರತದವರೂ ಸೇರಿದ್ದ ರಿಪ್ರೀವ್ ಅಧ್ಯಯನದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಪಿಟವಾಸ್ಟಾಟಿನ್ ದಿನಕ್ಕೊಂದು ಮಾತ್ರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯವನ್ನು ಶೇ. 35ರಷ್ಟು ತಗ್ಗಿಸಿತೆಂದು 2023ರಲ್ಲಿ ಗೊತ್ತಾಯಿತು.

ಇಷ್ಟೆಲ್ಲ ಬದಲಾದರೂ ಮುಚ್ಚಿಡುವ ಚಾಳಿ ಹೋಗಿಲ್ಲ. ಗುಟ್ಟು ಊರಿಗೆ ಹಬ್ಬೀತೆಂದು ಹೃದಯದ ಡಾಕ್ಟರಿಗೂ ಎಆರ್‌ಟಿ ವಿಷಯ ಹೇಳದವರಿದ್ದಾರೆ. ಎಚ್‌ಐವಿ ಔಷಧಿ ರಿಟೊನಾವಿರ್ ನುಂಗುವವರಿಗೆ ಡಾಕ್ಟರು ಗೊತ್ತಿಲ್ಲದೆ ಕೊಲೆಸ್ಟ್ರಾಲಿಗೆಂದು ಸಿಮ್ವಾಸ್ಟಾಟಿನ್ ಬರೆದರೆ ಅದು ರಕ್ತದಲ್ಲಿ ಮಿತಿಮೀರಿ ಸ್ನಾಯುಗಳನ್ನೇ ಕೆಡಿಸಬಹುದು. ನಾನಂತೂ ಎಆರ್‌ಟಿಯದು, ಉಳಿದ ಔಷಧಿಯದು, ಎರಡೂ ಚೀಟಿಗಳನ್ನು ಒಟ್ಟಿಗೇ ಡಾಕ್ಟರ ಮೇಜಿನ ಮೇಲಿಡುತ್ತೇನೆ.